ಫಾರ್ಮುಲಾ ಕಾರಿನ ನಕ್ಷೆ ಲೇತ್ ಅಂಗಡಿಗೂ ಸಿಗಲಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಫಾರ್ಮುಲಾ ಕಾರು ರೇಸಿನ ಸುದ್ದಿ ಬಂದಾಗ ಗೆದ್ದವರ ಊರು, ತಂಡದ ಹೆಸರು, ಎಷ್ಟು ಸೆಕೆಂಡಿನ ಅಂತರ ಎಂಬುದೆಲ್ಲ ಇರುತ್ತದೆ. ಆ ಮಕ್ಕಳ ಮನೆಯವರು ಒಂದು ಋತುವಿಗೆ ಎಷ್ಟು ಸುರಿದರು ಎಂಬ ಸಾಲು ಮಾತ್ರ ಎಂದೂ ಕಂಡಿಲ್ಲ. ಕೇಳಿದರೆ 'ಅದು ದುಡ್ಡಿದ್ದವರ ಆಟ, ಬಿಡಿ' ಎಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಆ ದುಡ್ಡು ಯಾವ ನಟ್ಟು, ಯಾವ ಬೋಲ್ಟಿನ ಸಂದಿಯಲ್ಲಿ ಸೋರಿ ಹೋಗುತ್ತದೆ ಎಂದು ಒಳಗಿನಿಂದ ನೋಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ. ಕತ್ತರಿಸುವುದಾದರೆ ನನ್ನ ಸಿಟ್ಟಿನ ಸಾಲುಗಳನ್ನು ಕತ್ತರಿಸಿ, ಲೆಕ್ಕದ ಸಾಲುಗಳನ್ನು ಉಳಿಸಿ.

ನಾನು ಕೋಲಾರದ ಟಮಕ ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡಿರುವ ಟರ್ನರ್. ಐಟಿಐ ಮುಗಿಸಿ, ಕೆಜಿಎಫ್‌ನ ಬೆಮೆಲ್‌ನಲ್ಲಿ ಅಪ್ರೆಂಟಿಸ್ ಆಗಿದ್ದು ಕೈ ಪಳಗಿಸಿಕೊಂಡವನು. ಹೊಟ್ಟೆಪಾಡು ನಡೆಯುವುದು ಬೋರ್‌ವೆಲ್ ಲಾರಿ, ಟ್ರ್ಯಾಕ್ಟರ್‌ಗಳ ರಿಪೇರಿಯಿಂದ ಮತ್ತು ನರಸಾಪುರದ ಕಡೆಯಿಂದ ಬರುವ ಜಾಬ್‌ವರ್ಕ್‌ನಿಂದ. ರೇಸಿಗೂ ನನಗೂ ನಂಟು ಬೆಸೆದವಳು ತಂಗಿಯ ಮಗಳು. ಬೆಂಗಳೂರಿನಲ್ಲಿ ಕಾರ್ಟಿಂಗ್, ಅಂದರೆ ಪುಟ್ಟ ಕಾರಿನ ರೇಸು, ಕಲಿತವಳು, ಒಬ್ಬರೇ ಕೂರುವ, ನಾಲ್ಕೂ ಚಕ್ರ ಹೊರಗೆ ಕಾಣುವ ಫಾರ್ಮುಲಾ ಕಾರನ್ನೇ ಓಡಿಸಬೇಕೆಂದು ಹಟ ಹಿಡಿದಳು. ಅವಳಪ್ಪ ಶಾಲಾ ಮಾಸ್ತರು. ಹಾಗಾಗಿ ಸೋದರಮಾವನಾದ ನಾನು ಅವಳ ಮೆಕ್ಯಾನಿಕ್ಕು, ಲಾರಿ ಚಾಲಕ, ಅಡುಗೆಯವ, ಕೊನೆಗೆ ಸಾಲಕ್ಕೆ ಜಾಮೀನುದಾರ, ಎಲ್ಲವೂ ಆದೆ. ಇನ್ನೊಂದು ಕುಟುಂಬದ ಜೊತೆ ಪಾಲಿನಲ್ಲಿ ಹಳೆಯ ಕಾರೊಂದನ್ನು ಕೊಂಡೆವು.

ಕಾರೇ ದುಬಾರಿ ಎಂದು ಹೊರಗಿನವರು ತಿಳಿದಿರುತ್ತಾರೆ. ನನ್ನ ಲೆಕ್ಕದ ಪುಸ್ತಕ ಬೇರೆ ಮಾತು ಹೇಳುತ್ತದೆ. ಮೊದಲ ಋತು ಮುಗಿದ ಮೇಲೆ ಕೂಡಿ ನೋಡಿದಾಗ ಎಲ್ಲಕ್ಕಿಂತ ಮೇಲೆ ಕುಳಿತಿದ್ದದ್ದು ಟೈರು. ಅದರ ಕೆಳಗೆ, ಒಂದೇ ಅಂಗಡಿಯಲ್ಲಿ ಮಾತ್ರ ಸಿಗುವ ಬಿಡಿಭಾಗಗಳು. ಆಮೇಲೆ ರೇಸಿಗೆ ಮುಂಚಿನ ಅಭ್ಯಾಸಕ್ಕೆ ಕಟ್ಟುವ ಟ್ರ್ಯಾಕ್ ಬಾಡಿಗೆ, ನಂತರ ಲಾರಿ ಮತ್ತು ವಸತಿ. ಎಂಜಿನ್ ಅದಕ್ಕೂ ಕೆಳಗಿತ್ತು. ಪೆಟ್ರೋಲಂತೂ ತಳದಲ್ಲಿ, ಕಾಫಿ ತಿಂಡಿಯ ಖರ್ಚಿನ ಪಕ್ಕದಲ್ಲಿ.

ಲಾರಿಯ ಮಾತು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಉಳಿಸಬಹುದು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಇರುಂಗಾಟ್ಟುಕೋಟೈ ಟ್ರ್ಯಾಕು ಶ್ರೀಪೆರಂಬುದೂರಿನ ಹತ್ತಿರವಿದೆ. ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ ಹಾದು ನಮಗದು 250 ಕಿ.ಮೀ. ಒಳಗಿನ ದಾರಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 400 ಕಿ.ಮೀ. ಹತ್ತಿರವಾಗುತ್ತದೆ. ಕೋಲಾರದ ಎಪಿಎಂಸಿಯಿಂದ ಚೆನ್ನೈನ ಕೊಯಂಬೇಡು ಮಾರುಕಟ್ಟೆಗೆ ಟೊಮೆಟೊ ಒಯ್ಯುವ ಕ್ಯಾಂಟರುಗಳು ಎಷ್ಟೋ ಸಲ ವಾಪಸು ಬರಿದೇ ಬರುತ್ತವೆ, ಅದೂ ಟ್ರ್ಯಾಕಿನ ಮುಂದೆಯೇ. ಡ್ರೈವರ್‌ಗೆ ಡೀಸೆಲ್ ಕಾಸು, ಊಟ ಕೊಟ್ಟರೆ ಕಾರನ್ನು ಹಾಕಿಕೊಂಡು ಬರುತ್ತಾನೆ. ಹೋಗುವಾಗ ಮಾತ್ರ ಪೂರ್ತಿ ಬಾಡಿಗೆ. ಟೊಮೆಟೊ ಬೆಲೆ ಏರಿದ ವಾರ ಯಾರೂ ಸಿಗುವುದಿಲ್ಲ, ಅದು ಬೇರೆ ಮಾತು. ರೇಸಿನ ದಿನಾಂಕ ಗೊತ್ತು ಮಾಡುವವರು ಟೊಮೆಟೊ ಸೀಸನ್ ನೋಡಲಿ ಎಂದು ಕೇಳುವಷ್ಟು ದಡ್ಡ ನಾನಲ್ಲ.

ಇನ್ನು ಬಿಡಿಭಾಗದ ಕಥೆ. ನಮ್ಮ ಕಾರಿನ ಮುಂದಿನ ಚಕ್ರದ ನಡುಭಾಗವಾದ ಹಬ್‌ನೊಳಗೆ, ಎರಡು ಬೇರಿಂಗುಗಳ ನಡುವೆ ಒಂದು ಸ್ಪೇಸರ್ ಕೂರುತ್ತದೆ. ಹೆಬ್ಬೆರಳಿನುದ್ದದ ಉಕ್ಕಿನ ಕೊಳವೆ, ಅಷ್ಟೇ. ಆದರೆ ಅದರ ಉದ್ದ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಬೇರಿಂಗ್ ಬಿಗಿಯಾಗಿ ಸುಡುತ್ತದೆ, ಇಲ್ಲವೇ ಸಡಿಲವಾಗಿ ಚಕ್ರ ಅಲುಗುತ್ತದೆ. ಹಳೆಯದು ಸವೆದಿತ್ತು. ಅಂಗಡಿಯಲ್ಲಿದ್ದ ಇಎನ್24 ಎಂಬ ಗಟ್ಟಿ ಉಕ್ಕಿನ ಸರಳೊಂದನ್ನು ಲೇತ್‌ಗೆ ಕಟ್ಟಿ, ಎರಡೂ ಮುಖಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ತೆಗೆದು, ಮೈಕ್ರೋಮೀಟರ್ ಹಿಡಿದು ನೋಡಿದೆ. ಒಳ್ಳೆಯ ಕೆಲಸವಾಗಿತ್ತು. ಸರಕು, ವಿದ್ಯುತ್, ನನ್ನ ಕೂಲಿ ಎಲ್ಲ ಸೇರಿ ಆರುನೂರು ರೂಪಾಯಿ ಹಿಡಿಯಬಹುದು. ರೇಸಿನ ಹಿಂದಿನ ದಿನದ ಸ್ಕ್ರೂಟಿನಿಯಲ್ಲಿ ತಪಾಸಕರು ಹಬ್ ಬಿಚ್ಚಿಸಿ ಅದನ್ನು ವರ್ನಿಯರ್‌ನಿಂದ ಅಳೆದರು, ತಲೆದೂಗಿದರು. ಆಮೇಲೆ ತಿರುಗಿಸಿ ತಿರುಗಿಸಿ ನೋಡಿದರು. ಹುಡುಕುತ್ತಿದ್ದದ್ದು ಅಧಿಕೃತ ಮಾರಾಟಗಾರರ ಗುರುತನ್ನು. ಗುರುತಿಲ್ಲ, ಆದ್ದರಿಂದ ಸ್ಪೇಸರ್ ನಡೆಯುವುದಿಲ್ಲ. ತಂಡಗಳು ಬೀಡುಬಿಡುವ ಪ್ಯಾಡಾಕ್‌ನಲ್ಲೇ ಇದ್ದ ಮಳಿಗೆಯಲ್ಲಿ ಅದೇ ತುಂಡಿಗೆ ನಾಲ್ಕು ಸಾವಿರಕ್ಕೂ ಮೇಲೆ ತೆತ್ತು ತಂದೆ. ರಾತ್ರಿ ಅದನ್ನೂ ಅಳೆದೆ. ನನ್ನದರಷ್ಟು ನುಣುಪಿರಲಿಲ್ಲ.

ಸಂಘಟಕರ ಹೆಸರಾಗಲಿ ಮಳಿಗೆಯ ಹೆಸರಾಗಲಿ ಇಲ್ಲಿ ಬೇಡ. ಆ ತಪಾಸಕರ ಮೇಲೂ ನನಗೆ ಕೋಪವಿಲ್ಲ. ಪುಸ್ತಕದಲ್ಲಿದ್ದುದನ್ನು ಅವರು ಓದಿದರು. ನನ್ನ ತಕರಾರಿರುವುದು ಆ ಪುಸ್ತಕದ ಮೇಲೆ. ಎಲ್ಲರಿಗೂ ಒಂದೇ ಕಾರು, ಒಂದೇ ಕಡೆಯ ಬಿಡಿಭಾಗ ಎಂದರೆ ಖರ್ಚು ತಾನಾಗಿ ಇಳಿಯುತ್ತದೆ ಎಂದು ನಂಬಿಸಲಾಗಿದೆ. ಒಂದೇ ಕಡೆ ಸಿಗುವ ವಸ್ತುವಿಗೆ ಅವರು ಹೇಳಿದ್ದೇ ರೇಟು ಎಂಬುದು ಕೋಲಾರದ ಯಾವ ರೈತನಿಗೂ ಗೊತ್ತಿರುವ ಸಂಗತಿ.

ಖರ್ಚು ತಗ್ಗಿಸಲು ಹಣಕ್ಕೇ ಮಿತಿ ಹಾಕಿದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಫಾರ್ಮುಲಾ ಒನ್‌ನಲ್ಲಿ ಹಾಕಿದ್ದಾರೆ. 2021ರಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 14.5 ಕೋಟಿ ಡಾಲರ್ ಎಂದು ಗೆರೆ ಎಳೆದರು. ಆ ವರ್ಷ ರೆಡ್ ಬುಲ್ ತಂಡ ಗೆರೆ ದಾಟಿದ್ದು ಅಧಿಕೃತವಾಗಿ ತೀರ್ಮಾನವಾದದ್ದು 2022ರ ಅಕ್ಟೋಬರಿನಲ್ಲಿ. 70 ಲಕ್ಷ ಡಾಲರ್ ದಂಡ ಬಿತ್ತು. ಅಷ್ಟು ಹೊತ್ತಿಗೆ ಪ್ರಶಸ್ತಿ ಕೊಟ್ಟು ಬಹಳ ಕಾಲವಾಗಿತ್ತು. ದೊಡ್ಡ ದೊಡ್ಡ ಲೆಕ್ಕಪರಿಶೋಧಕರನ್ನು ಇಟ್ಟುಕೊಂಡವರ ಕಥೆಯೇ ಹೀಗಾದರೆ, ಟಮಕದಲ್ಲಿ ನಾನು ಯಾರ ಹೆಸರಿನಲ್ಲಿ ಬಿಲ್ಲು ಹರಿಸಿದೆ ಎಂದು ಯಾರು ನೋಡುತ್ತಾರೆ? ತಳಮಟ್ಟದ ರೇಸಿನಲ್ಲಿ ಖರ್ಚಿಗೆ ಮಿತಿ ಹಾಕುವುದು ಆಗದ ಮಾತು. ಎಷ್ಟು ಖರ್ಚು ಮಾಡಿದರೂ ಕಾರು ಹೆಚ್ಚು ವೇಗ ಪಡೆಯದಂತೆ ನಿಯಮ ಬರೆಯಬಹುದು. ದುಡ್ಡು ಹಾಕಿದರೆ ಫಲವಿಲ್ಲ ಎಂದಾದ ಕಡೆ ದುಡ್ಡಿದ್ದವನೂ ಕೈ ಬಿಗಿ ಹಿಡಿಯುತ್ತಾನೆ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1963ರಲ್ಲಿ ಮಾನ್ಯತೆ ಪಡೆದ ಫಾರ್ಮುಲಾ ವೀ ಎಂಬ ವರ್ಗ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ 1200 ಸಿಸಿ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್, ಬ್ರೇಕ್ ಡ್ರಮ್‌ಗಳನ್ನೇ ಹಾಕಬೇಕೆಂದು ವಿಧಿಸಿತು. ಅರವತ್ತು ವರ್ಷ ದಾಟಿದರೂ ಆ ವರ್ಗ ಓಡುತ್ತಿದೆ. ಎಮರ್ಸನ್ ಫಿಟಿಪಾಲ್ಡಿ, ನಿಕಿ ಲೌಡಾ, ಕೆಕೆ ರೋಸ್‌ಬರ್ಗ್ ಎಂಬ ಮೂವರು ವಿಶ್ವ ಚಾಂಪಿಯನ್‌ರು ಅಂಥ ಕಾರುಗಳನ್ನು ಓಡಿಸಿ ಮೇಲೆ ಬಂದವರು. ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ 1967ರ ಜುಲೈನಲ್ಲಿ ಶುರುವಾದ ಫಾರ್ಮುಲಾ ಫೋರ್ಡ್ ಇಟ್ಟುಕೊಂಡ ಗುರಿ ಸಾವಿರ ಪೌಂಡಿಗೆ ಒಂದು ಕಾರು. ಕಾರನ್ನು ನೆಲಕ್ಕೊತ್ತುವ ರೆಕ್ಕೆ ಇಲ್ಲ, ಎಂಜಿನ್ ಕಾರ್ಟಿನಾ ಕಾರಿನದು, ಮೊದಮೊದಲು ಟೈರು ಕೂಡ ರಸ್ತೆ ಕಾರಿನವೇ. 1981ರಲ್ಲಿ ಬ್ರೆಜಿಲ್‌ನಿಂದ ಇಂಗ್ಲೆಂಡಿಗೆ ಬಂದ ಅಯರ್ಟನ್ ಸೆನ್ನಾ ಮೊದಲು ಕುಳಿತದ್ದು ಇದೇ ವರ್ಗದಲ್ಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ್ದೇ ಫಾರ್ಮುಲಾ 440. ಡ್ಯಾಂಪರ್‌ಗಳಿಗೆ, ಅಂದರೆ ಶಾಕ್ ಅಬ್ಸಾರ್ಬರ್‌ಗಳಿಗೆ, ಜನ ಹುಚ್ಚೆದ್ದು ದುಡ್ಡು ಸುರಿಯುತ್ತಾರೆಂದು ಅವರು ಡ್ಯಾಂಪರನ್ನೇ ತೆಗೆದು ಹಾಕಿ, ಅದರ ಜಾಗದಲ್ಲಿ ರಬ್ಬರಿನ ಬಿಲ್ಲೆಗಳನ್ನು ಕೂರಿಸಿದರು. ರಬ್ಬರಿನ ತುಂಡಿಗೆ ಎಷ್ಟು ದುಡ್ಡು ತಾನೇ ಹಾಕಲಾಗುತ್ತದೆ?

ಹೊರದೇಶದ ಉದಾಹರಣೆ ಯಾಕೆ ಎನ್ನುವವರಿಗೆ ನಮ್ಮದೇ ಇದೆ, ಅದೂ ಪಕ್ಕದ ತಮಿಳುನಾಡಿನ ಕೊಯಮತ್ತೂರಿನದು. ಎಸ್. ಕರಿವರ್ಧನ್ ಎಂಬವರು ಮಾರುತಿ 800ರ 796 ಸಿಸಿ ಎಂಜಿನ್ ಇಟ್ಟು ಒಬ್ಬರೇ ಕೂರುವ ರೇಸ್ ಕಾರುಗಳನ್ನು ಇಲ್ಲೇ ಕಟ್ಟಿಸಿದರು. ಅದೇ ಫಾರ್ಮುಲಾ ಮಾರುತಿ. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು, 2003ರಲ್ಲಿ ತೆರೆದ ಟ್ರ್ಯಾಕಿಗೆ ಅವರ ಹೆಸರನ್ನೇ ಇಟ್ಟರು. ಭಾರತದಿಂದ ಫಾರ್ಮುಲಾ ಒನ್ ರೇಸಿಗೆ ಹೋದವರು ಇಬ್ಬರೇ, 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂದೋಕ್. ಇಬ್ಬರೂ ಫಾರ್ಮುಲಾ ಮಾರುತಿ ಓಡಿಸಿ ಬಂದವರು. ಹಾಲು ತರಲು ಹೋಗುವ ಕಾರಿನ ಎಂಜಿನ್ ಅವರ ದಾರಿಗೆ ಅಡ್ಡ ಬರಲಿಲ್ಲ. ಈಗ 2023ರಿಂದ ನಡೆಯುತ್ತಿರುವ ಇಂಡಿಯನ್ ಎಫ್4, ಅಂದರೆ ಫಾರ್ಮುಲಾ 4 ವರ್ಗದಲ್ಲಿ ಚಾಸಿ, ಅಂದರೆ ಕಾರಿನ ಚೌಕಟ್ಟು, ಫ್ರಾನ್ಸಿನ ಮೈಗೇಲ್ ಕಂಪನಿಯದು. ಸೊಗಸಾದ ಕಾರು, ಒಪ್ಪುತ್ತೇನೆ. ಮೇಲಿನ ಮೆಟ್ಟಿಲು ಇರಬೇಕು. ಅದರ ಕೆಳಗಿನ ಮೆಟ್ಟಿಲು ನಮ್ಮಂಥವರ ಕಾಲಿಗೆ ಎಟುಕುವಂತಿರಬೇಕು ಎಂಬುದಷ್ಟೇ ನನ್ನ ವಾದ.

ಹಳೆಯ ಮಾರುತಿ 800ರ ಶಕ್ತಿ 40 ಅಶ್ವಶಕ್ತಿಗೂ ಕಡಿಮೆ. ಇದನ್ನು ಹೇಳಿದ ಕೂಡಲೇ ಹುಡುಗರು ನಗುತ್ತಾರೆ. ಫಾರ್ಮುಲಾ ವೀ ಶುರುವಾದಾಗ ಬೀಟಲ್‌ನ ಎಂಜಿನ್ನೂ ಇದೇ ಆಸುಪಾಸಿನದು. ಶಕ್ತಿ ಕಡಿಮೆಯಿದ್ದಾಗ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ನೇರ ರಸ್ತೆಯಲ್ಲಿ ಕಾಲೊತ್ತಿ ಗಳಿಸಲಾಗುವುದಿಲ್ಲ, ಹಾಗಾಗಿ ಓಡಿಸುವವರ ಕೈಚಳಕ ಚೆನ್ನಾಗಿ ಬಯಲಾಗುತ್ತದೆ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು, ಅದೇ ಎಂಜಿನ್ನಿನ ಓಮ್ನಿ 2019ರವರೆಗೂ ಬಂತು. 15 ವರ್ಷ ದಾಟಿದ ಸರ್ಕಾರಿ ವಾಹನಗಳನ್ನು ಗುಜರಿಗೆ ಹಾಕಲೇಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಾಗಾಗಿ ಈ ಹಳೆಯ ಎಂಜಿನ್‌ಗೆ, ಅದರ ಪಿಸ್ಟನ್ ರಿಂಗ್‌ಗೆ, ಗ್ಯಾಸ್ಕೆಟ್‌ಗೆ ನಮ್ಮೂರಿನ ಬಿಡಿಭಾಗದ ಅಂಗಡಿಗಳಲ್ಲೂ ಬರವಿಲ್ಲ.

ಟೈರಿಗೆ ಬರುತ್ತೇನೆ. ಮೆತ್ತನೆಯ ರೇಸ್ ಟೈರು ಕಾವಲಿಯಿಂದ ಎದ್ದ ದೋಸೆಯ ಹಾಗೆ, ಮೊದಲ ಬಿಸಿಯಲ್ಲೇ ಅದರ ರುಚಿ. ಒಮ್ಮೆ ಕಾದು, ತಣಿದು, ಮತ್ತೆ ಕಾದಾಗ ರಬ್ಬರು ಬಿರುಸಾಗುತ್ತದೆ. ಮೇಲ್ಮೈ ನೋಡಿದರೆ ಇನ್ನೂ ಅರ್ಧ ಉಳಿದಿರುತ್ತದೆ, ಹಿಡಿತ ಮಾತ್ರ ಹೋಗಿರುತ್ತದೆ. ಆಗ ಹೊಸ ಜೊತೆ ಹಾಕಿದವನು ಹಳೆಯದರಲ್ಲೇ ಓಡುವವನನ್ನು ಹಿಂದಿಕ್ಕುತ್ತಾನೆ, ಜಾಣತನದಿಂದಲ್ಲ, ಚೆಕ್‌ಬುಕ್ಕಿನಿಂದ. ನನ್ನ ತಂಗಿಯ ಮಗಳು ಅರ್ಹತಾ ಸುತ್ತಿನಲ್ಲಿ ಹಿಂದೆ ಬಿದ್ದು ಬಂದಾಗ ನಾನು ಮೊದಲು ನೋಡುವುದು ಮುಂದಿರುವವರ ಟೈರಿನ ಅಂಚಿನಲ್ಲಿ ಅಚ್ಚಿನ ಎಳೆಗಳು ಇನ್ನೂ ಇವೆಯೇ ಎಂದು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಂದ ಸಣ್ಣ ರಬ್ಬರು ಕೂದಲು ಇರುತ್ತವೆ. ಅವು ಕಂಡರೆ ಅವಳಿಗೆ ಏನೂ ಹೇಳುವುದಿಲ್ಲ.

ಇದಕ್ಕೆ ಪರಿಹಾರ ಗಟ್ಟಿ ಟೈರು. ಭಾರತದಲ್ಲೇ ತಯಾರಾಗುವ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೇಡಿಯಲ್ ಟೈರನ್ನು ಇಡೀ ಋತುವಿಗೆ ನಾಲ್ಕರ ಒಂದು ಸೆಟ್, ಪಂಕ್ಚರ್ ಆದರೆ ಬದಲಿಗೆ ಎರಡು ಟೈರು, ಎಂದು ನಿಯಮ ಮಾಡಲಿ. ಟೈರಿನ ಬದಿಯಲ್ಲಿ ಕ್ರಮಸಂಖ್ಯೆ ಇರುತ್ತದೆ, ಮೊದಲ ರೇಸಿನಲ್ಲೇ ಬರೆದುಕೊಳ್ಳಲಿ. ಲಾಭ ಟೈರಿನಲ್ಲಷ್ಟೇ ಅಲ್ಲ. ಹಿಡಿತ ಕಡಿಮೆಯಾದರೆ ತಿರುವಿನಲ್ಲಿ ಹಬ್, ಬೇರಿಂಗ್, ರಾಡ್ ಎಂಡ್‌ಗಳ ಮೇಲೆ ಬೀಳುವ ಭಾರವೂ ಇಳಿಯುತ್ತದೆ, ಅವುಗಳ ಆಯುಸ್ಸು ಹೆಚ್ಚುತ್ತದೆ. ಕಾರು ಸ್ವಲ್ಪ ಜಾರುತ್ತದೆ, ನಿಜ. ಜಾರುವ ಕಾರನ್ನು ಹಿಡಿದು ಓಡಿಸುವುದನ್ನು ಕಲಿಯಲಿಕ್ಕೇ ಅಲ್ಲವೇ ಈ ಮಟ್ಟ ಇರುವುದು?

ಎಂಜಿನ್‌ಗೆ ಮೂರು ಬೀಗ ಹಾಕಬಹುದು. ಬೋಲ್ಟಿನ ತಲೆಗಳಿಗೆ ತೂತು ಹಾಕಿ ತಂತಿ ಪೋಣಿಸಿ ಸೀಲು ಮಾಡುವುದು ಎಲ್ಲರಿಗೂ ತಿಳಿದದ್ದು. ಅದರ ತೊಂದರೆಯೂ ಗೊತ್ತಿದೆ, ಸೀಲು ಒಡೆಯುವ ಹಕ್ಕು ಒಬ್ಬನಿಗೇ ಇದ್ದರೆ ಅವನೇ ರಾಜ. ಓವರ್‌ಹಾಲ್‌ಗೆ ಗರಿಷ್ಠ ದರವನ್ನು ನಿಯಮದಲ್ಲೇ ಅಚ್ಚು ಹಾಕಬೇಕು. ಎರಡನೆಯದು ಗಾಳಿಯ ಕತ್ತು ಹಿಚುಕುವುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ 710 ಸಿಸಿವರೆಗಿನ ಎಂಜಿನ್ ಹಾಕಬಹುದು, ಆದರೆ ಒಳಹೋಗುವ ಗಾಳಿಯೆಲ್ಲ 20 ಮಿ.ಮೀ. ತೂತಿನ ಮೂಲಕವೇ ಹೋಗಬೇಕು. ಒಂದು ಕಾಲೇಜಿನ ಹುಡುಗರಿಗೆ ಅಲ್ಯೂಮಿನಿಯಂನಲ್ಲಿ ಅದನ್ನು ತಿರುವಿ ಕೊಟ್ಟಿದ್ದೇನೆ. ಕಿರಿದಾಗುತ್ತಾ ಬಂದು, ಕತ್ತಿನಲ್ಲಿ 20ಕ್ಕೆ ನಿಂತು, ಮತ್ತೆ ನಿಧಾನವಾಗಿ ಅಗಲವಾಗುವ ಕೊಳವೆ. ಆ ಕತ್ತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಂಜಿನ್ ಎಷ್ಟೇ ಎಳೆದರೂ ಹೆಚ್ಚಿಗೆ ಬರುವುದಿಲ್ಲ. ಕ್ಯಾಮ್, ಪೋರ್ಟಿಂಗ್ ಎಂದು ಲಕ್ಷಗಟ್ಟಲೆ ಹಾಕಿದವನೂ ಅಲ್ಲೇ ನಿಲ್ಲುತ್ತಾನೆ. ಮಾರುತಿಯ ಕಡಿಮೆ ಶಕ್ತಿಯ ಎಂಜಿನ್‌ಗೆ 20 ಮಿ.ಮೀ. ದೊಡ್ಡದಾಯಿತು, ಕತ್ತು ಇನ್ನೂ ಸಣ್ಣದಿರಬೇಕು. ಎಷ್ಟು ಎಂಬುದನ್ನು ಒಂದು ಎಂಜಿನ್ನನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲಿಟ್ಟು ಒಂದೇ ದಿನದಲ್ಲಿ ಗೊತ್ತು ಮಾಡಬಹುದು.

ಮೂರನೆಯ ಬೀಗ ಅಮೆರಿಕದ ಹಳ್ಳಿಗಾಡಿನ ಮಣ್ಣಿನ ಟ್ರ್ಯಾಕುಗಳದು, ನನಗೆ ಬಲು ಇಷ್ಟವಾದದ್ದು. ರೇಸ್ ಮುಗಿದ ಮೇಲೆ ಸೋತವನು ಗೆದ್ದವನ ಎಂಜಿನ್ ನಿಗದಿತ ಬೆಲೆಗೆ ಬೇಕೆಂದು ಕೇಳಬಹುದು. ಕೇಳಿದರೆ ಕೊಡಲೇಬೇಕು, ಇಲ್ಲವಾದರೆ ಗೆಲುವು ರದ್ದು. ಬೆಲೆ 40,000 ರೂಪಾಯಿ ಎಂದು ಇಟ್ಟರೆ ಮೂರು ಲಕ್ಷದ ಎಂಜಿನ್ ಕಟ್ಟುವ ಹುಚ್ಚ ಯಾರಿದ್ದಾನೆ?

ಡ್ಯಾಂಪರು ಬಿಗಿ ಸಡಿಲ ಮಾಡಲಾಗದ ಸಾದಾ ಬಗೆಯದಿರಲಿ. ರೆಕ್ಕೆಗಳು ಬೇಡವೇ ಬೇಡ. ಮೊದಲ ತಿರುವಿನ ನೂಕುನುಗ್ಗಲಿನಲ್ಲಿ ಮುರಿಯುವುದು ಮುಂದಿನ ರೆಕ್ಕೆ, ಅದರೊಂದಿಗೆ ಒಂದು ತಿಂಗಳ ಸಂಬಳ.

ಈಗ ನನ್ನ ಮುಖ್ಯ ಬೇಡಿಕೆ. ಇಂಥ ವರ್ಗವೊಂದನ್ನು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಅಂದರೆ ಎಫ್‌ಎಂಎಸ್‌ಸಿಐ, ಮಾಡುವುದಾದರೆ ನಿಯಮ ಪುಸ್ತಕದ ಜೊತೆಗೇ ಕಾರಿನ ಪ್ರತಿ ಭಾಗದ ನಕ್ಷೆಯನ್ನೂ ಪ್ರಕಟಿಸಲಿ. ಅಳತೆ, ಬಿಡಬಹುದಾದ ವ್ಯತ್ಯಾಸ, ಉಕ್ಕಿನ ದರ್ಜೆ, ಪೈಪಿನ ದಪ್ಪ, ವೆಲ್ಡಿನ ಬಗೆ, ಎಲ್ಲವೂ ಅದರಲ್ಲಿರಲಿ. ತಪಾಸಕರು ಹೊಲೊಗ್ರಾಮ್ ಹುಡುಕುವ ಬದಲು ಗೇಜ್ ಇಟ್ಟು ನೋಡಲಿ. ಆಗ ಪೀಣ್ಯದಲ್ಲಿ, ತುಮಕೂರಿನ ಅಂತರಸನಹಳ್ಳಿಯಲ್ಲಿ, ಟಮಕದಲ್ಲಿ, ಲೇತ್ ಇರುವ ಯಾರು ಬೇಕಾದರೂ ಮಾಡಿ ಕೊಡಬಹುದು. ಪೈಪೋಟಿ ಬಂದ ಕಡೆ ರೇಟು ಇಳಿಯುತ್ತದೆ. ನಿಯಮವನ್ನು ಹತ್ತು ವರ್ಷ ಮುಟ್ಟಬಾರದು. ವರ್ಷಕ್ಕೊಮ್ಮೆ 'ಸುಧಾರಣೆ' ಎಂದು ಒಂದು ಭಾಗ ಬದಲಿಸಿದರೆ ಹಳೆಯ ಕಾರುಗಳೆಲ್ಲ ಗುಜರಿ, ಅವುಗಳ ಮರುಮಾರಾಟದ ಬೆಲೆ ಸೊನ್ನೆ. ನಮ್ಮಂಥವರು ಕಾರು ಕೊಳ್ಳುವುದೇ ನಾಳೆ ಮಾರಿದರೆ ಏನು ಸಿಗುತ್ತದೆ ಎಂದು ಎಣಿಸಿ.

ಇದರಲ್ಲಿ ನನ್ನ ಅಂಗಡಿಗೆ ಕೆಲಸ ಸಿಗಲಿ ಎಂಬ ಸ್ವಾರ್ಥವಿದೆಯೇ? ಇದೆ. ಬೋರ್‌ವೆಲ್ ಲಾರಿಗಳ ಕೆಲಸವನ್ನೇ ನೆಚ್ಚಿಕೊಂಡು ಈ ಜಿಲ್ಲೆಯಲ್ಲಿ ಎಷ್ಟು ದಿನ ಬದುಕಲಾದೀತು ಹೇಳಿ.

ಮನೆಯಲ್ಲಿ ಮಾಡಿದ್ದು ಅಪಾಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಹಾಗಾಗಿ ಚಕ್ರವನ್ನು ಕಾರಿಗೆ ಹಿಡಿದಿಡುವ ಪ್ರತಿ ಎ-ಆರ್ಮ್, ಅಪ್‌ರೈಟ್‌ಗೆ ಬಿರುಕು ಪರೀಕ್ಷೆ ಕಡ್ಡಾಯವಾಗಬೇಕು. ಡೈ ಪೆನೆಟ್ರಂಟ್ ಎಂಬ ಮೂರು ಡಬ್ಬಿ ಸ್ಪ್ರೇ ಸಾಕು. ಬೆಸುಗೆಯನ್ನು ಚೊಕ್ಕ ಒರೆಸಿ ಕೆಂಪು ದ್ರಾವಣ ಹೊಡೆದು, ಹತ್ತು ಹದಿನೈದು ನಿಮಿಷ ಬಿಟ್ಟು ಬಟ್ಟೆಯಿಂದ ತೆಗೆದು, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯಬೇಕು. ಬಿರುಕು ಇದ್ದರೆ ಒಳಗೆ ಕುಳಿತ ಬಣ್ಣ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಎದ್ದು ಬರುತ್ತದೆ, ಕಣ್ಣಿಗೆ ಎಂದೂ ಕಾಣದಷ್ಟು ಸಣ್ಣದಾದರೂ. ನಮ್ಮ ಕಾರಿನ ಎಡ ಮುಂಭಾಗದ ಆರ್ಮ್‌ನಲ್ಲಿ ಅಂಥ ಗೆರೆ ಕಂಡಾಗ ತಂಗಿಯ ಮಗಳು ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ, 'ಮಾವ, ಇದರ ಮೇಲೆಯೇ ನಾನು ಮೊನ್ನೆ ಬ್ರೇಕ್ ಹಾಕಿದ್ದು' ಎಂದಳು. ಆ ಆರ್ಮ್ ಅಧಿಕೃತ ಗುರುತು ಇದ್ದದ್ದೇ. ಬೆಸುಗೆ ಹಾಕುವಾಗ ಅಳತೆ ಕದಲದಂತೆ ಹಿಡಿದಿಡುವ ಜಿಗ್ ಮೇಲೆ ಸೀಮ್‌ಲೆಸ್ ಪೈಪಿಟ್ಟು ಹೊಸದನ್ನು ವೆಲ್ಡ್ ಮಾಡಲು ಒಂದು ರಾತ್ರಿ ಸಾಕಾಗುತ್ತಿತ್ತು, ಆದರೆ ನಿಯಮದ ಪ್ರಕಾರ ಮಳಿಗೆಗೇ ಹೋಗಬೇಕಾಯಿತು.

ಒಂದು ಕಡೆ ಮಾತ್ರ ಕಾಸು ಉಳಿಸುವ ಮಾತೇ ಬೇಡ. ಬೈಕಿನ ಐಎಸ್ಐ ಹೆಲ್ಮೆಟ್ ಹಾಕಿಕೊಂಡು ಬರಬಹುದೇ ಎಂದು ಕೇಳುವ ಹುಡುಗರಿದ್ದಾರೆ. ಬರಬಾರದು. ಕಾರು ರೇಸಿನ ಹೆಲ್ಮೆಟ್ಟಿನ ಒಳಪದರ ಬೆಂಕಿ ತಡೆಯಬೇಕು, ಕತ್ತಿಗೆ ಹಾಕುವ ಹ್ಯಾನ್ಸ್ ಸಾಧನಕ್ಕೆ ಅದರಲ್ಲಿ ಕೊಂಡಿ ಇರಬೇಕು. ಸೀಟ್ ಬೆಲ್ಟಿನ ಮೇಲೆ ಅವಧಿ ಮುಗಿಯುವ ವರ್ಷ ಬರೆದಿರುತ್ತದೆ, ಅದನ್ನು ಮೀರಬಾರದು. ಆದರೆ ಇವೆಲ್ಲ ಹೆಚ್ಚಾಗಿ ಹೊರದೇಶದ ಸರಕು, ವರ್ಷದಲ್ಲಿ ಕೆಲವೇ ಗಂಟೆ ಮೈಮೇಲಿರುವಂಥವು. ಕ್ಲಬ್ಬುಗಳು ಬೇರೆ ಬೇರೆ ಅಳತೆಯ ಸೂಟು, ಹ್ಯಾನ್ಸ್‌ಗಳನ್ನು ಕೊಂಡಿಟ್ಟು ರೇಸಿಗಿಷ್ಟು ಎಂದು ಬಾಡಿಗೆಗೆ ಕೊಡಲಿ. ಮದುವೆಗೆ ಪಾತ್ರೆ ಬಾಡಿಗೆಗೆ ತರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಭ್ಯಾಸದ ದಿನಗಳ ಮೇಲೂ ಕಡಿವಾಣ ಬೇಕು. ಈಗ ಟ್ರ್ಯಾಕನ್ನು ಖಾಸಗಿಯಾಗಿ ಬಾಡಿಗೆಗೆ ಹಿಡಿದವರು ವಾರದ ಮುಂಚೆಯೇ ಬಂದು ಸುತ್ತು ಹಾಕುತ್ತಿರುತ್ತಾರೆ. ಶನಿವಾರ ಬೆಳಿಗ್ಗೆ ಎಲ್ಲರಿಗೂ ಒಂದೇ ಅವಧಿ, ಮಧ್ಯಾಹ್ನ ಅರ್ಹತಾ ಸುತ್ತು, ಭಾನುವಾರ ಎರಡು ರೇಸು, ಸಂಜೆಗೆ ಮನೆಗೆ. ರಜೆ ಹಾಕಿದರೆ ಸಂಬಳ ಕಡಿತವಾಗುವವರೂ ಆಗ ಬರಬಲ್ಲರು.

ಇನ್ನು ಕೋಲಾರಕ್ಕೇ ಒಂದು ಟ್ರ್ಯಾಕ್ ಬೇಕೆಂದು ನಾನು ಕೇಳುತ್ತಿಲ್ಲ. ಅಂಥ ಮಾತು ಬಂದಾಗಲೆಲ್ಲ ಯಾರಾದರೂ ಕೆಜಿಎಫ್‌ನ ಗಣಿ ಜಾಗವನ್ನು ತೋರಿಸುತ್ತಾರೆ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅಲ್ಲಿ ಉಳಿದಿರುವ ಸೈನೈಡ್ ದಿಬ್ಬಗಳ ಧೂಳನ್ನು ಆ ಊರಿನವರು ಇವತ್ತಿಗೂ ಉಸಿರಾಡುತ್ತಿದ್ದಾರೆ, ಅದರ ಮೇಲೆ ನಮ್ಮ ಕಾರುಗಳೂ ಧೂಳೆಬ್ಬಿಸುವುದು ಬೇಡ. ಟ್ರ್ಯಾಕ್ ಕಟ್ಟಿದರೆ ಹೆದ್ದಾರಿಯಲ್ಲಿ ವೀಲಿ ಮಾಡುವ ಹುಡುಗರು ಅಲ್ಲಿಗೆ ಬರುತ್ತಾರೆ ಎಂಬ ವಾದವನ್ನೂ ನಾನು ಮಾಡುವುದಿಲ್ಲ. ಅವರಿಗೆ ಬೇಕಿರುವುದು ನೋಡುವ ಜನ.

ನಾನು ಕೇಳುವುದು ಸಣ್ಣದು. ವೇಮಗಲ್, ಮಾಲೂರು ಕಡೆಯ ಕೆಐಎಡಿಬಿ ಕೈಗಾರಿಕಾ ಬಡಾವಣೆಗಳಲ್ಲಿ ಭಾನುವಾರ ಖಾಲಿ ಬೀಳುವ ಅಗಲವಾದ ರಸ್ತೆಗಳಿವೆ. ವರ್ಷಕ್ಕೆ ಒಂದೆರಡು ಬಾರಿ ಅಂಥದ್ದೊಂದನ್ನು ಮುಚ್ಚಿ, ಕೋನ್‌ಗಳನ್ನಿಟ್ಟು, ಒಮ್ಮೆಗೆ ಒಂದೇ ಕಾರು ಗಡಿಯಾರದ ವಿರುದ್ಧ ಓಡುವ ಆಟೋಕ್ರಾಸ್ ನಡೆಸಲು ಜಿಲ್ಲಾಡಳಿತ, ಪೊಲೀಸ್ ಇಲಾಖೆ ಒಪ್ಪಲಿ. ಕಾರುಗಳು ಒಂದಕ್ಕೊಂದು ತಾಗುವ ಪ್ರಶ್ನೆಯೇ ಇಲ್ಲ, ಖರ್ಚು ಕೋನು, ಆಂಬುಲೆನ್ಸು, ವಿಮೆಯದ್ದು. ತುಮಕೂರಿನಲ್ಲಿ ಕೆ-1000 ರ‍್ಯಾಲಿಗೆ ಮಣ್ಣಿನ ದಾರಿಗಳನ್ನು ಮುಚ್ಚಿ ಕೊಟ್ಟ ಉದಾಹರಣೆ ಇದೆ. ಬರದ ಜಿಲ್ಲೆಗೆ ಇದೆಲ್ಲ ಬೇಕೇ ಎಂದು ಕೇಳುವವರು ಕೇಳಲಿ. ಕೆರೆಗೆ ಬರುವ ಕೆ.ಸಿ. ವ್ಯಾಲಿ ನೀರಿನಲ್ಲಿ ಒಂದು ಬಿಂದಿಗೆಯನ್ನೂ ಇದು ಕಡಿಮೆ ಮಾಡುವುದಿಲ್ಲ, ಬೊಕ್ಕಸದಿಂದ ಒಂದು ರೂಪಾಯಿಯನ್ನೂ ನಾನು ಕೇಳಿಲ್ಲ.

ಒಕ್ಕೂಟದವರಾಗಲಿ, ಬೆಂಗಳೂರಿನ ಕ್ಲಬ್ಬುಗಳವರಾಗಲಿ ಇದನ್ನು ಓದಿದರೆ, ಮುಂದಿನ ಋತುವಿನ ನಿಯಮಗಳು ಅಂತಿಮವಾಗುವ ಮೊದಲು ಕಾರು ಇಟ್ಟುಕೊಂಡಿರುವ ಸಣ್ಣ ಕುಟುಂಬಗಳನ್ನೂ ಮೆಕ್ಯಾನಿಕ್‌ಗಳನ್ನೂ ಒಮ್ಮೆ ಕೂರಿಸಿಕೊಂಡು ಮಾತನಾಡಲಿ. ನಮ್ಮ ಕಾರಿನ ಮುಂದಿನ ಎರಡೂ ಎ-ಆರ್ಮ್‌ಗಳ ಜಿಗ್, ಹಬ್ ಸ್ಪೇಸರಿನ ನಕ್ಷೆ, ಮಾರುತಿ ಎಂಜಿನ್ ಕೂರಿಸುವ ಮೌಂಟಿನ ಅಳತೆಗಳನ್ನು ನಾನು ಬರೆದಿಟ್ಟಿದ್ದೇನೆ. ಯಾರು ಕೇಳಿದರೂ ಬಿಟ್ಟಿ ಕೊಡುತ್ತೇನೆ, ನಕಲು ತೆಗೆಸುವ ಕಾಸು ಅವರದು.

ಇಂತಿ,
ಒಬ್ಬ ಟರ್ನರ್,
ಟಮಕ ಕೈಗಾರಿಕಾ ಪ್ರದೇಶ, ಕೋಲಾರ